ಎಂಟನೇ ಗುಂಡಿ

ಫೋನು ಮೊದಲು ಬಂದದ್ದು ಲಾಲಪ್ಪನಿಗೆ. ಆದರೆ ಅದನ್ನು ಎತ್ತಿದವನು ಅವನಲ್ಲ. ಪುಣೆಯ ಖಡಕಿ ಕಡೆಯ ಆ ಸೈನ್ಯದ ಕ್ಯಾಂಪಿನಲ್ಲಿ ಪಾಠ ನಡೆಯುವಾಗ ಕಲಿಸುವ ಉಸ್ತಾದರ ಫೋನುಗಳೆಲ್ಲ ಆಫೀಸಿನ ಮರದ ಟ್ರೇನಲ್ಲಿ ಸಾಲಾಗಿ ಮಲಗಿರುತ್ತವೆ.

ಹವಾಲ್ದಾರ ಲಾಲಪ್ಪ ಆ ಹೊತ್ತಿಗೆ ಬಿಸಿಲಲ್ಲಿ ನಿಂತು ಮೂವತ್ತು ಜವಾನರಿಗೆ ಕಬ್ಬಿಣದ ಸೇತುವೆ ಜೋಡಿಸುವುದನ್ನು ಹೇಳಿಕೊಡುತ್ತಿದ್ದ. ಹದಿನೇಳು ವರ್ಷದಿಂದ ಸೇತುವೆ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ, ಆ ಕೆಲಸ ಅವನ ಕೈಗೆ ಬಾಯಿಪಾಠವಾಗಿತ್ತು. ಪಾಠ ಮುಗಿದ ಮೇಲೆ ಪಲ್ಟನ್ನಿನ ಉಸ್ತಾದರೆಲ್ಲ ಕೇಳುವ ಹಾಗೆ ಅವನೂ "ಕೋಯಿ ಶಕ್?" ಎಂದು ಕೇಳಿದ. ಯಾರಿಗಾದರೂ ಅನುಮಾನವಿದೆಯೇ ಎಂದು ಅರ್ಥ. ಮೂವತ್ತು ಗಂಟಲುಗಳು ಒಟ್ಟಿಗೆ ಇಲ್ಲವೆಂದವು. ಅನುಮಾನ ಇದ್ದವರೂ ಇಲ್ಲ ಎಂದೇ ಹೇಳುತ್ತಾರೆ. ಅಲ್ಲಿಯ ರೀತಿಯೇ ಹಾಗೆ.

ಆಗ ಆಫೀಸಿನ ಕ್ಲಾರ್ಕ್ ಅಕ್ಷಯ ಓಡಿಬಂದ. ಸಾತಾರಾ ಕಡೆಯವನು, ಮರಾಠಿಯಲ್ಲೇ ಹೇಳಿದ. "ಉಸ್ತಾದ್, ನಿಮ್ಮ ಫೋನು ನಾಲ್ಕು ಸಲ ಬಡಕೊಂಡಿತು, ಎತ್ತಿದೆ. ಹಿಂಜವಾಡಿಯ ಯಾವುದೋ ಕಂಪನಿ. ಅಭಿಲಾಷ ಅನ್ನೋರ ಕ್ಯಾಬಿಗೆ ಹಿಂದಿನಿಂದ ಟೆಂಪೋ ಗುದ್ದಿದೆಯಂತೆ. ಅವರ ಫಾರ್ಮಿನಲ್ಲಿ ನಿಮ್ಮ ನಂಬರು ಇದೆಯಂತೆ."

"ಜೀವಕ್ಕೆ?"

"ಅದು ಹೇಳಲಿಲ್ಲ. ಆಸ್ಪತ್ರೆ ಹೆಸರು ಬರಕೊಂಡಿದ್ದೇನೆ. ಯಾರು ಉಸ್ತಾದ್, ನೆಂಟರಾ?"

"ನಮ್ಮ ಕಡೆಯವ," ಎಂದ ಲಾಲಪ್ಪ. ಪರವೂರಿನಲ್ಲಿ ಈ ಒಂದು ಮಾತು ದೊಡ್ಡ ಕಂಬಳಿ. ಅದರ ಕೆಳಗೆ ಯಾರನ್ನು ಬೇಕಾದರೂ ಮುಚ್ಚಿಡಬಹುದು. ಆದರೂ ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಅಕ್ಷಯ ಒಂದು ಕ್ಷಣ ಹೆಚ್ಚಿಗೆ ತನ್ನ ಮುಖ ನೋಡಿದ ಹಾಗೆ ಅವನಿಗೆ ಅನಿಸಿತು.

ಸುಬೇದಾರರ ಅಪ್ಪಣೆ ತೆಗೆದುಕೊಂಡು ಮೋಟರ್‌ಸೈಕಲ್ಲು ಹತ್ತಿದ. ಹಿಂಜವಾಡಿಯ ಹಾದಿಯಲ್ಲಿ ಬೈಕು ಓಡುವುದಿಲ್ಲ, ತೆವಳುತ್ತದೆ. ಕಂಪನಿ ಬಸ್ಸುಗಳ ನಡುವೆ ಸಂದು ಹುಡುಕುತ್ತ, ಕೆಂಪು ದೀಪಗಳಿಗೆಲ್ಲ ಮನಸ್ಸಿನಲ್ಲೇ ಬೈಯುತ್ತ ಹೋದ.

ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಹುಡುಗಿ ಎದುರಾದಳು. ಕೊರಳಲ್ಲಿ ಕಂಪನಿಯ ಕಾರ್ಡು, ಕೈಯಲ್ಲಿ ಫೈಲು.

"ಲಾಲಪ್ಪ ಅಲ್ವಾ ನೀವು? ನಾನು ರಂಜಿನಿ, ಅಭಿ ಆಫೀಸಿನ ಎಚ್‌ಆರ್. ಗಾಬರಿ ಆಗ್ಬೇಡಿ. ಬಲಗೈ ಮಣಿಕಟ್ಟು ಮುರಿದಿದೆ, ಅಷ್ಟೇ. ಕೂತ್ಕೊಳಿ, ಮೊದಲು ಉಸಿರು ತಗೊಳಿ."

ಅವನು ಕೂರಲಿಲ್ಲ. ಅವಳು ಫೈಲಿನಿಂದ ತೆಗೆದ ಕಾಗದದಲ್ಲಿ ಅವನ ಹೆಸರಿತ್ತು, ನಂಬರಿತ್ತು. ಸಂಬಂಧ ಎಂಬಲ್ಲಿ ಅಚ್ಚಿನ ಅಕ್ಷರದಲ್ಲಿ ಪಾರ್ಟ್‌ನರ್ ಎಂದಿತ್ತು.

"ನಮ್ಮ ಕಂಪನೀಲಿ ಇದೆಲ್ಲ ನಾರ್ಮಲ್ ಸರ್," ಎಂದಳು ರಂಜಿನಿ, ಕುಡಿಯಲು ನೀರು ಕೊಟ್ಟಷ್ಟು ಸಲೀಸಾಗಿ.

ಲಾಲಪ್ಪ ಇನ್ನೂ ಸಮವಸ್ತ್ರದಲ್ಲಿದ್ದ. ಎದೆಯ ಮೇಲೆ ಹೆಸರಿನ ಪಟ್ಟಿ. ತನಗೆ ಗೊತ್ತಿಲ್ಲದೆಯೇ ಅದರ ಮೇಲೆ ಅಂಗೈ ಇಟ್ಟುಕೊಂಡ. ಮೊದಲು ಬಂದದ್ದು ಭಯ. ಅದರ ಬೆನ್ನಿಗೇ ಇನ್ನೊಂದು ಬಂತು, ಅದು ಸಂತೋಷ. ಎಲ್ಲೋ ಒಂದು ಕಾಗದದ ಮೇಲೆ, ಯಾರೋ ಸುಳ್ಳು ಹೇಳದೆ ಅವನ ಹೆಸರು ಬರೆದಿದ್ದರು.

ಮೂಳೆ ಕೂರಿಸುವ ಮೊದಲು ಯಾರಾದರೂ ಸಹಿ ಮಾಡಬೇಕು ಎಂದು ನರ್ಸು ಇನ್ನೊಂದು ಫಾರ್ಮು ತಂದಳು. ಅಲ್ಲೂ ಸಂಬಂಧದ ಜಾಗ ಖಾಲಿ ಇತ್ತು. ಲಾಲಪ್ಪ ಪೆನ್ನು ಹಿಡಿದು ನಿಂತ. ನರ್ಸು ಕಾದಳು. ಕೊನೆಗೆ ಅವನು ಊರಿನ ಶಾಲೆಯಲ್ಲಿ ಕಲಿತ ದುಂಡನೆಯ ಕನ್ನಡ ಅಕ್ಷರಗಳಲ್ಲಿ 'ಅತ್ತಿ ಮಗ' ಎಂದು ಬರೆದ. ಇದೇನು ಎಂದು ಅವಳು ಕೇಳಿದಾಗ ಮರಾಠಿಯಲ್ಲಿ ಬಿಡಿಸಿ ಹೇಳಿದ. ಆತ್ಯಾಚಾ ಮುಲ್ಗಾ, ಸೋದರತ್ತೆಯ ಮಗ. ಅವಳಿಗೆ ಅಷ್ಟು ಸಾಕಾಯಿತು.

ಒಳಗೆ ಹಾಸಿಗೆಯ ಮೇಲೆ ಮಲಗಿದ್ದ ಅಭಿಲಾಷ ಎಲ್ಲ ಕೇಳಿಸಿಕೊಂಡಿದ್ದ. ನೋವಿನಲ್ಲೂ ಅವನ ಕಣ್ಣಿನ ಚೇಷ್ಟೆ ಹೋಗಿರಲಿಲ್ಲ.

"ಅತ್ತೆ ಮಗ ಅಂತ ಬರೆದ್ರಾ ಹವಾಲ್ದಾರ್ರು?"

"ಹೂಂ."

"ತಮ್ಮ ಅಂತ ಬರೀಬಹುದಿತ್ತು. ಫ್ರೆಂಡ್ ಅಂತ ಬರೀಬಹುದಿತ್ತು."

"ತಮ್ಮ ಅಂತ ನಾ ಯಾಕ ಬರೀಲಿ? ನೀ ನನ್ನ ತಮ್ಮ ಏನು?"

"ಅಲ್ಲ, ನಮ್ಮ ಮಂಡ್ಯ ಕಡೆ ಅತ್ತೆ ಮಗನ್ನ ಮದುವೆ ಆಗ್ತಾರೆ. ಗೊತ್ತಿರಲಿ ಅಂತ ಹೇಳ್ದೆ."

ಲಾಲಪ್ಪ ಗೋಡೆಯ ಮೇಲಿನ ಗಡಿಯಾರ ನೋಡುತ್ತ ಹೇಳಿದ. "ನಮ್ಮ ಯಾದಗಿರಿ ಕಡೀನೂ ಆಗ್ತಾರ."

ಅವನ ಕಿವಿಯ ತುದಿ ಕೆಂಪಗಾಗಿತ್ತು. ಅಭಿಲಾಷ ಅದನ್ನೇ ನೋಡುತ್ತ, ಇನ್ನು ಮೂಳೆ ಹೇಗೆ ಬೇಕಾದರೂ ಕೂರಿಸಲಿ ಎಂಬಂತೆ ಕಣ್ಣು ಮುಚ್ಚಿದ.

ಇಬ್ಬರ ಪರಿಚಯವಾಗಿ ಎರಡು ವರ್ಷವಾಗಿತ್ತು. ಕಾತ್ರಜದ ಗುಡ್ಡದ ಹಾದಿಯಲ್ಲಿ ಒಂದು ಹಳ್ಳ ತುಂಬಿ ಹರಿಯುತ್ತಿದ್ದ ಭಾನುವಾರ ಅದು. ಹಿಂಜವಾಡಿಯ ಗುಂಪೊಂದು ಆಚೆ ದಾಟಲಾಗದೆ ದಡದಲ್ಲಿ ನಿಂತು ಫೋಟೋ ತೆಗೆಯುತ್ತಿತ್ತು. ರಜೆಯ ದಿನ ಒಬ್ಬನೇ ಗುಡ್ಡ ಹತ್ತಲು ಬಂದಿದ್ದ ಲಾಲಪ್ಪ, ಯಾರೂ ಕೇಳದಿದ್ದರೂ ಬಿದ್ದ ಎರಡು ಮರ ಎಳೆದು ಹಾಕಿ, ಕಲ್ಲು ಕೊಟ್ಟು ಅಲ್ಲಾಡದಂತೆ ಮಾಡಿ, ಒಬ್ಬೊಬ್ಬರಿಗೂ ಎಡಗಾಲು ಮೊದಲು ಇಡಿ ಎಂದು ಹಿಂದಿಯಲ್ಲಿ ಹುಕುಂ ಮಾಡುತ್ತಿದ್ದ. ಅಭಿಲಾಷ, "ಇವನೇನಪ್ಪ, ನಮ್ಮ ಪಿ.ಟಿ. ಮೇಷ್ಟ್ರ ಥರ," ಎಂದು ಗೊಣಗಿದ. ಆಚೆ ದಡ ಮುಟ್ಟಿದ ಮೇಲೆ ಹಿಂದಿನಿಂದ ಕನ್ನಡದಲ್ಲಿ ಮಾತು ಬಂತು. "ಪಿ.ಟಿ. ಮಾಸ್ತರ ಛಲೋ ಇದ್ರೋ ಇಲ್ಲೋ, ಅದು ಹೇಳ್ರಿ." ಅಭಿಲಾಷ ತಿರುಗಿ ನೋಡಿದವನು ನಗಲೂ ಮರೆತ. ಆಮೇಲೆ ಅವನು ಪ್ರತಿ ಭಾನುವಾರ ಗುಡ್ಡ ಹತ್ತತೊಡಗಿದ. ಗುಡ್ಡದ ಮೇಲೆ ಅವನಿಗೇನೂ ಪ್ರೀತಿ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಶನಿವಾರ. ಹನ್ನೊಂದನೆಯ ಮಹಡಿಯಲ್ಲಿದ್ದ ಅಭಿಲಾಷನ ಫ್ಲ್ಯಾಟಿನಲ್ಲಿ ಮಧ್ಯಾಹ್ನದ ಬಿಸಿಲು ಸೋಫಾದ ತನಕ ಬಂದಿತ್ತು. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಭಿಲಾಷನಿಗೆ ಎಡಗೈಯಲ್ಲಿ ಚಮಚ ಹಿಡಿಯಲು ಬರುತ್ತಿತ್ತು. ಬರುವುದಿಲ್ಲ ಎಂದು ಹೇಳಿದ್ದ. ಲಾಲಪ್ಪನಿಗೂ ಅದು ಗೊತ್ತಿತ್ತು. ಆದರೂ ಸಾರು ಅನ್ನ ಕಲಸಿ ತುತ್ತು ಮಾಡುತ್ತಿದ್ದ.

"ಬಾಯಿ ತೆಗಿ."

"ಇದು ಆರ್ಡರ್ರಾ?"

"ಆರ್ಡರ್."

ಅಭಿಲಾಷ ಬಾಯಿ ತೆಗೆದ. ಲಾಲಪ್ಪನ ಬೆರಳು ತುಟಿಗೆ ತಾಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಎರಡನೆಯ ತುತ್ತಿಗೂ ಹಾಗೆಯೇ ಆಯಿತು. ಮೂರನೆಯ ತುತ್ತು ಮಾಡುತ್ತ ಅವನು ತಟ್ಟೆಯನ್ನೇ ನೋಡಿ ಹೇಳಿದ.

"ಬದಲಿ ಬಂದದ."

"ಎಲ್ಲಿಗೆ?"

"ಮ್ಯಾಲ."

ಮೇಲೆ ಎಂದರೆ ಉತ್ತರದ ಗಡಿ. ಕುಟುಂಬ ಕರೆದೊಯ್ಯಲಾಗದ, ಫೋನು ಹತ್ತಿದರೆ ಹತ್ತಿತು ಇಲ್ಲದಿದ್ದರೆ ಇಲ್ಲ ಎಂಬ ಜಾಗ. ಎರಡು ವರ್ಷ.

"ಯಾವಾಗ?"

"ಹತ್ತೊಂಬತ್ತು ದಿನ ಅದ ಇನ್ನ."

ಅಭಿಲಾಷ ಅವನ ಕೈಯನ್ನು ಮೆಲ್ಲಗೆ ಸರಿಸಿದ. ಊಟ ಅಲ್ಲಿಗೆ ಮುಗಿಯಿತು.

"ಬಿಟ್ಟು ಬಂದ್ಬಿಡು ಲಾಲು. ಹದಿನೇಳು ವರ್ಷ ಮಾಡಿದ್ದೀಯ, ಸಾಕು. ಇಲ್ಲಿ ಎಷ್ಟು ಕಂಪನಿ ಇವೆ, ಸೆಕ್ಯೂರಿಟಿ ಹೆಡ್ ಅಂತ ಯಾರು ಬೇಕಾದ್ರೂ ತಗೋತಾರೆ. ಮನೆಗೆ ಬಾ, ನನ್ನ ಜೊತೆ ಇರು. ನೀನು ಬಂದಾಗೆಲ್ಲ ಗೇಟ್ ಹತ್ರ ರಿಜಿಸ್ಟರಲ್ಲಿ ಕಸಿನ್ ಅಂತ ಬರೆಯೋದು ಸಾಕಾಗಿದೆ ನನಗೆ."

ಲಾಲಪ್ಪ ಕೈ ತೊಳೆದು ಬಂದು ಕೂತ. ಮಾತು ಹುಡುಕಿಕೊಂಡು ಹೇಳುವವನು ಅವನು.

"ನಾಕು ವರ್ಷದ ಹಿಂದ ಮ್ಯಾಲ ಒಂದು ಊರಾಗ ಹೊಳಿ ಬಂದು ದಾಟೋ ಪೂಲ ಕೊಚ್ಚಿ ಹೋಗಿತ್ತು. ಒಂಬತ್ತು ತಾಸಿನಾಗ ನಾವು ಹೊಸಾದು ಹಾಕಿದ್ವಿ. ಒಬ್ಬ ಮುದುಕ ಎರಡು ಆಡು ಹಿಡ್ಕೊಂಡು ದಾಟಿದ. ದಾಟಿ, ತಿರುಗಿ ಬಂದ. ಮತ್ತ ದಾಟಿದ. ಅವಗ ಆಚೀಕಡಿ ಏನೂ ಕೆಲಸ ಇರಲಿಲ್ಲ ಅಭಿ, ಪೂಲ ನಿಂತದಲ್ಲ ಅಂತ ಖುಷಿ. ಅದನ್ನ ಬಿಟ್ಟು ನಾ ಇಲ್ಲಿ ಮಂದಿ ಬ್ಯಾಗ್ ತೆಗದು ನೋಡ್ಲಾ?"

"ಹಾಗಾದ್ರೆ ಇರು. ಇದ್ದು, ಹೇಳು. ಸಾಹೇಬ್ರ ಮುಂದೆ ನಿಂತು ನಾನು ಇಂಥೋನು ಅಂತ ಹೇಳು. ಏನ್ ತಪ್ಪು ಮಾಡಿದ್ದೀಯ ನೀನು? ಇವನು ಯಾರನ್ನ ಪ್ರೀತಿಸ್ತಾನೆ ಅಂತ ಆ ನಟ್ಟು ಬೋಲ್ಟು ಕೇಳ್ತವಾ?"

"ನಟ್ಟು ಕೇಳಂಗಿಲ್ಲ. ನನ್ನ ಜೋಡಿ ಕೆಲಸ ಮಾಡೋ ಹುಡುಗ್ರೂ ಕೇಳಂಗಿಲ್ಲ ಅನಸ್ತದ. ಭಾರ ಎತ್ತೋ ಹೊತ್ತಿನಾಗ ಇವ ಕೈ ಬಿಡಂಗಿಲ್ಲ ಅಂತ ಗೊತ್ತಾದ್ರ ಅವ್ರಿಗೆ ಸಾಕು. ಕೇಳೋದು ಕಾನೂನು."

"ಕಾನೂನು ಬದಲಾಗಿ ಎಷ್ಟು ವರ್ಷ ಆಯ್ತು."

"ನಿಮ್ದು ಬದಲಾತು. ನಮ್ಮ ಗೇಟಿನ ಒಳಗ ಬರ್ಲಾಕ ಅದಕ್ಕ ಇನ್ನ ಪಾಸ್ ಸಿಕ್ಕಿಲ್ಲ."

ಬೇರೆ ದಿನವಾಗಿದ್ದರೆ ಅಭಿಲಾಷ ಈ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದ. ಇಂದು ಪ್ಲಾಸ್ಟರಿನ ಅಂಚು ಕೆರೆಯುತ್ತ ಕೂತ. ಲಾಲಪ್ಪನಿಗೆ ದಣಿವಾಯಿತು. ಹಿಮದಲ್ಲಿ ಕಬ್ಬಿಣ ಹೊತ್ತಾಗಲೂ ಬಾರದ ದಣಿವು ಅದು. ಬ್ಯಾರಕ್ಕಿನಲ್ಲಿ ಹುಡುಗಿಯರ ಮಾತು ಬಂದಾಗ ನಕ್ಕಂತೆ ಮಾಡಿ, ಯಾಕಿನ್ನೂ ಮದುವೆಯಾಗಿಲ್ಲ ಎಂದವರಿಗೆ ತಂಗಿಯ ಮದುವೆ, ಅವ್ವನ ಮೊಣಕಾಲು ಎಂದು ಒಂದೊಂದು ವರ್ಷಕ್ಕೆ ಒಂದೊಂದು ನೆಪ ಹುಡುಕಿ, ಹದಿನೇಳು ವರ್ಷದಲ್ಲಿ ಸೇತುವೆಗಿಂತ ಹೆಚ್ಚು ಅವನು ಸುಳ್ಳನ್ನೇ ಕಟ್ಟಿದ್ದ. ಸೇತುವೆಯನ್ನಾದರೂ ಕೆಲಸ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು.

"ಒಂದೇ ಒಂದು ಪ್ರಶ್ನೆ ಕೇಳ್ತೀನಿ," ಎಂದ ಅಭಿಲಾಷ. ದನಿ ಇಳಿದಿತ್ತು. "ನನ್ನ ಕೈ ಮುರಿದಿದ್ದು ನಿನಗೆ ಅರ್ಧ ಗಂಟೇಲಿ ಗೊತ್ತಾಯ್ತು. ಅಲ್ಲಿ ನಿನಗೆ ಏನಾದ್ರೂ ಆದ್ರೆ ನನಗೆ ಯಾರು ಹೇಳ್ತಾರೆ? ಪೇಪರಲ್ಲಿ ಓದ್ಕೋಬೇಕಾ ನಾನು?"

ದಿನವೂ ಕೋಯಿ ಶಕ್ ಎಂದು ಕೇಳುವ ಉಸ್ತಾದ ಅಭಿಲಾಷನ ಎಡಗೈ ಹಿಡಿದುಕೊಂಡು ಬಿಸಿಲು ಸೋಫಾದಿಂದ ಇಳಿದು ಹೋಗುವ ತನಕ ಕೂತ.

ಗಡಿಗೆ ಹೋಗುವವರ ಕಾಗದಪತ್ರವನ್ನೆಲ್ಲ ಹೋಗುವ ಮೊದಲು ಒಮ್ಮೆ ಓದಿ ಹೇಳುವುದು ಪಲ್ಟನ್ನಿನ ಪದ್ಧತಿ. ಬುಧವಾರ ಲಾಲಪ್ಪನ ಸರದಿ ಬಂತು. ಅಕ್ಷಯ ಅವನ ಕುಟುಂಬದ ಪಟ್ಟಿ ತೆಗೆದು ಒಂದೊಂದೇ ಸಾಲು ಓದಿದ.

"ತಂದೆ, ಇಲ್ಲ. ತಾಯಿ, ಸಾಬವ್ವ. ತಂಗಿ, ಸುಮಂಗಲಾ, ಮದುವೆಯಾಗಿದೆ. ಹೆಂಡತಿ, ಇಲ್ಲ. ಏನಾದರೂ ಆದರೆ ತಿಳಿಸಬೇಕಾದವರು, ತಾಯಿ. ಸರಿ ಇದೆಯಾ ಉಸ್ತಾದ್?"

"ಇನ್ನೊಂದು ಹೆಸರು ಸೇರಿಸಬಹುದಾ?"

"ಯಾರದು?"

"ದೋಸ್ತನದು."

ಅಕ್ಷಯ ಪೆನ್ನು ಕೆಳಗಿಟ್ಟ. ಅವನು ಕೆಟ್ಟವನಲ್ಲ. "ದೋಸ್ತನಿಗೆ ಇದರಲ್ಲಿ ಜಾಗ ಇಲ್ಲ ಉಸ್ತಾದ್. ಇಲ್ಲಿಂದ ಫೋನು ಹೋಗೋದು ತಾಯಿಗೆ. ಆಮೇಲೆ ತಾಯಿ ಯಾರಿಗೆ ಹೇಳ್ತಾರೋ ಅದು ಅವರಿಗೆ ಬಿಟ್ಟಿದ್ದು."

ಲಾಲಪ್ಪ ಸಹಿ ಮಾಡಿ ಹೊರಗೆ ಬಂದ. ಹಾದಿ ಒಂದೇ ಉಳಿದಿತ್ತು, ಅದು ಕೊಂಢವಾ ಬಡಾವಣೆಯಲ್ಲಿ ಅವ್ವನಿದ್ದ ಒಂದು ಕೋಣೆಯ ಮನೆಗೆ ಹೋಗುತ್ತಿತ್ತು. ಪಲ್ಟನ್ನಿಗೆ ಹೇಳಿದರೆ ಹೋಗುವುದು ಕೆಲಸ. ಅವ್ವನಿಗೆ ಹೇಳಿದರೆ ಏನು ಹೋಗುತ್ತದೆ ಎಂದು ಯೋಚಿಸಲೂ ಅವನಿಗೆ ಧೈರ್ಯವಾಗಲಿಲ್ಲ.

ಸಾಬವ್ವ ಮೂವತ್ತು ವರ್ಷದ ಹಿಂದೆ ಗಂಡನೊಂದಿಗೆ ಯಾದಗಿರಿ ಕಡೆಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದವಳು. ಕೊಂಢವಾದ ಅರ್ಧ ಕಟ್ಟಡಗಳು ಅವಳ ತಲೆಯ ಮೇಲೆ ಹಾದು ಹೋಗಿವೆ. ಈಗ ಮೊಣಕಾಲು ಏಳಗೊಡುವುದಿಲ್ಲ. ಅಕ್ಷರ ಬಾರದ ಅವಳು ತನ್ನ ಗುಂಡಿಯ ಫೋನಿನಲ್ಲಿ ಒಂದು ವ್ಯವಸ್ಥೆ ಮಾಡಿಸಿಕೊಂಡಿದ್ದಳು. ಎರಡನೇ ಗುಂಡಿ ಒತ್ತಿ ಹಿಡಿದರೆ ಮಗ. ಮೂರು, ಮಗಳು. ನಾಲ್ಕು, ಕೆಲಸದ ಮುಕಾದಮ, ಮೊದಲಿನಿಂದಲೂ ಅವಳನ್ನು ಕೂಲಿಗೆ ಕರೆದ ಮೇಸ್ತ್ರಿ. ಐದು, ತವರಿನ ಅಣ್ಣ. ಆರು, ಸಿಲಿಂಡರಿನವನು. ಏಳು, ಮೊಣಕಾಲಿನ ಡಾಕ್ಟರು. ಅವಳ ಲೋಕದಲ್ಲಿ ಯಾರು ಯಾರ ಹತ್ತಿರ, ಯಾರು ದೂರ ಎಂಬುದು ಆ ಗುಂಡಿಗಳನ್ನು ನೋಡಿದರೆ ತಿಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಪ್ಲಾಸ್ಟರಿನ ಕೈ ನೋಡಿ, "ಅಯ್ಯ, ಏನಾತು ಈ ತಮ್ಮಗ," ಎಂದು ಕನಿಕರಪಟ್ಟಳು. ಚಾಪೆ ಹಾಸಿ ಕೂರಿಸಿದಳು. ಶಹಾಪುರದ ಕಡೆ ಒಂದು ಹೆಣ್ಣು ಅದ, ನರ್ಸ್ ಕಲ್ತಾಳ, ನೀ ಹೋಗೋದ್ರೊಳಗ ಫೋಟೋ ತರಸ್ತೀನಿ ಎಂದು ಮಗನಿಗೆ ಹೇಳಿದಳು. ಲಾಲಪ್ಪ ತುತ್ತು ಮುರಿಯುತ್ತ, ಪಾಠ ಶುರು ಮಾಡುವ ಉಸ್ತಾದನ ಹಾಗೆ ಬೆನ್ನು ನೆಟ್ಟಗೆ ಮಾಡಿದ.

"ಅವ್ವ, ಮ್ಯಾಲ ನನಗ ಏನರ ಆದ್ರ ಪಲ್ಟನ್‌ದವ್ರು ನಿನಗ ಫೋನ್ ಮಾಡ್ತಾರ."

"ಬಿಡ್ತು ಅನ್ನು. ಉಣ್ಣೋ ಹೊತ್ತಿನಾಗ ಎಂಥಾ ಮಾತದು."

"ಬಿಡ್ತು. ಆದ್ರೂ ಕೇಳು. ನಿನಗ ಫೋನ್ ಬಂದ ಮ್ಯಾಲ ನೀ ಯಾರಿಗಿ ಮಾಡ್ತಿ?"

"ಸುಮಂಗಲಾಗ. ಮತ್ಯಾರಿಗಿ?"

"ಸುಮಂಗಲಾಗಿಂತ ಮೊದಲ ಈತಗ ಮಾಡಬೇಕು ನೀ."

ಸಾಬವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಅಭಿಲಾಷ ಚಾಪೆಯ ಅಂಚು ನೋಡುತ್ತ ಕೂತಿದ್ದ.

"ಗೆಳ್ಯಾಗ ಯಾಕ ಮೊದಲ?"

"ನನಗ ಹೇಣ್ತಿ ಇದ್ದಿದ್ರ ಆಕಿಗಿ ಮೊದಲ ಹೇಳ್ತಿದ್ದಿಲ್ಲೇನು, ಹಂಗ." ಲಾಲಪ್ಪ ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟ. "ಇನ್ನೊಂದು ಹೆಣ್ಣು ನೋಡಬ್ಯಾಡ ಅವ್ವ. ನನಗ ಇರೋದು ಈತ. ಎರಡು ವರ್ಷ ಆತು."

ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಅವಳು ತಿರುವಲಿಲ್ಲ. ಹೊರಗೆ ಯಾರೋ ಮರಾಠಿಯಲ್ಲಿ ನೀರಿನ ಸರದಿಗೆ ಜಗಳವಾಡುತ್ತಿದ್ದರು.

"ನಿಮ್ಮ ಸಾಹೇಬ್ರಿಗಿ ಗೊತ್ತದ ಏನು ಇದು?"

"ಇಲ್ಲ."

"ಗೊತ್ತಾದ್ರ?"

"ಕೆಲಸದಿಂದ ತೆಗಿತಾರ."

"ಇಷ್ಟು ವರ್ಷ ದುಡದಿದ್ದಕ್ಕ?"

"ಹೂಂ."

ಅವಳು ಹೊತ್ತಿದ ರೊಟ್ಟಿ ತೆಗೆದು ಬದಿಗಿಟ್ಟಳು. ಮಗನ ಮುಖ ನೋಡಲಿಲ್ಲ, ಅಭಿಲಾಷನ ಮುಖವನ್ನೂ ನೋಡಲಿಲ್ಲ. ಹೆಂಚನ್ನೇ ನೋಡುತ್ತ ಮಾತಾಡಿದಳು.

"ನಿಮ್ಮಪ್ಪ ಬಿದ್ದಾಗ ನೀ ಊರಾಗಿದ್ದಿ, ನಿನಗ ಗೊತ್ತಿಲ್ಲ. ಅವ ಆ ಕಟ್ಟಡದಾಗ, ನಾ ಈ ಕಟ್ಟಡದಾಗ. ನಡುವ ಒಂದು ರಸ್ತಾ. ಬಿದ್ದದ್ದು ಹನ್ನೊಂದಕ್ಕ. ನನಗ ಹೇಳಿದ್ದು ಐದಕ್ಕ, ಕೆಲಸ ಬಿಟ್ಟ ಮ್ಯಾಲ. ಮೊದಲ ಹೇಳಿದ್ರ ಉಸುಕು ಯಾರ ಹೊರಬೇಕು ಅಂತ ಮುಕಾದಮ ಸುಮ್ಮನಿದ್ನಂತ. ಅಲ್ಲಿತನಾ ನಾ ಉಸುಕು ಹೊತ್ತೀನಿ. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡೀನಿ. ಅವ ಹೋಗಿ ಮೂರು ತಾಸಾಗಿತ್ತು, ನಾ ಉಂಡು ನೀರು ಕುಡದು, ಪಕ್ಕದಾಕಿ ಜೋಡಿ ನಕ್ಕೀನಿ."

ಲಾಲಪ್ಪ ಇದನ್ನು ಎಂದೂ ಕೇಳಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅವಳು ಆ ಒಂದು ಊಟವನ್ನು ಯಾರಿಗೂ ಹೇಳದೆ ಹೊತ್ತುಕೊಂಡಿದ್ದಳು.

ಸಾಬವ್ವ ಸೆರಗಿಗೆ ಕೈ ಒರೆಸಿ, ಗೂಡಿನಿಂದ ಫೋನು ತೆಗೆದು ಮಗನ ಮುಂದೆ ಇಟ್ಟಳು.

"ನನಗ ಇದು ತಿಳಿಯಂಗಿಲ್ಲ ಲಾಲ್ಯಾ. ಛಲೋ ಅನಸವಲ್ದು. ಆದ್ರ ಫೋನ್ ಮಾಡ್ತೀನಿ. ಎಂಟನೇ ಗುಂಡಿ ಖಾಲಿ ಅದ. ನಂಬರ ಹಾಕು ಅನ್ನು ಅವಗ."

ಅಭಿಲಾಷ ಎಡಗೈಯಲ್ಲಿ ತನ್ನ ನಂಬರು ಒತ್ತಿದ. ಹತ್ತು ಅಂಕಿ ಒತ್ತಲು ಬಹಳ ಹೊತ್ತು ಹಿಡಿಯಿತು. ಸಾಬವ್ವ ಅವನೊಡನೆ ಮಾತಾಡಲಿಲ್ಲ. ಆದರೆ ಅವನ ತಟ್ಟೆಗೆ ಹೊತ್ತದ ರೊಟ್ಟಿ ಹಾಕಿ, ಹೊತ್ತಿದ್ದನ್ನು ತಾನು ತಿಂದಳು.

ಹಿಂತಿರುಗುವಾಗ ಬೈಕಿನ ಹಿಂದೆ ಕೂತ ಅಭಿಲಾಷ ಲಾಲಪ್ಪನ ಬೆನ್ನಿಗೆ ಹಣೆ ಒರಗಿಸಿದ್ದ. ಸಿಗ್ನಲ್ಲಿನಲ್ಲಿ ಲಾಲಪ್ಪ ಕೇಳಿದ.

"ಅಳಾಕತ್ತಿ ಏನು?"

"ಇಲ್ಲ. ಡಾಕ್ಟರ್ ಆದ್ಮೇಲೆ ನಾನು. ಸಿಲಿಂಡರ್‌ನವನೂ ನನಗಿಂತ ಮುಂದೆ."

"ಸಿಲಿಂಡರ್ ದಿನಾ ಬೇಕಾಗ್ತದ."

ಅಭಿಲಾಷ ಅವನ ಪಕ್ಕೆಗೆ ಪ್ಲಾಸ್ಟರಿನಿಂದ ಗುದ್ದಿದ. ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು, ಅದಕ್ಕೇ ಬೇಗ ದಣಿದರು.

ಉಳಿದ ದಿನಗಳು ಸಾಮಾನು ಕಟ್ಟುವುದರಲ್ಲಿ ಕಳೆದವು. ಹೊರಡುವ ದಿನ ಜಮ್ಮುವಿನ ರೈಲು ಸಂಜೆ ಐದೂವರೆಗೆ. ಪುಣೆ ಠೇಶನ್ನಿನ ಪ್ಲಾಟ್‌ಫಾರ್ಮಿನ ತುಂಬ ಕರಿ ಟ್ರಂಕುಗಳು, ಹಸಿರು ಚೀಲಗಳು. ಒಬ್ಬ ಜವಾನನ ಹೆಂಡತಿ ಗಂಡನ ತೋಳು ಹಿಡಿದು ಯಾರ ಅಂಜಿಕೆಯೂ ಇಲ್ಲದೆ ಅಳುತ್ತಿದ್ದಳು. ಅಭಿಲಾಷ ಅವಳನ್ನೇ ನೋಡಿದ. ಅವನ ನೋಟದಲ್ಲಿ ಇದ್ದದ್ದು ಹೊಟ್ಟೆಕಿಚ್ಚು, ಲಾಲಪ್ಪನಿಗೆ ಅದು ಚೆನ್ನಾಗಿ ತಿಳಿಯಿತು.

ಸಾಬವ್ವ ಬಂದಿರಲಿಲ್ಲ. ಕಳಿಸಲು ಅವಳು ಎಂದೂ ಠೇಶನ್ನಿಗೆ ಬರುವವಳಲ್ಲ. ಹೊಸ್ತಿಲಲ್ಲಿ ನಿಂತು ಹೋಗಿ ಬಾ ಎಂದು ಒಳಗೆ ಹೋಗಿ ಪಾತ್ರೆ ತಿಕ್ಕುತ್ತಾಳೆ. ಇಂದೂ ಅಷ್ಟೇ ಮಾಡಿದ್ದಳು. ಆ ಭಾನುವಾರದ ಮಾತನ್ನು ಅವಳು ಮತ್ತೆ ಎತ್ತಿರಲಿಲ್ಲ.

ಇಬ್ಬರು ಗಂಡಸರು ರೈಲಿನ ಮುಂದೆ ಅಪ್ಪಿಕೊಂಡರೆ ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಬಿಡಲು ತಡವಾದರೆ ಮಾತ್ರ ನೋಡುತ್ತಾರೆ. ಅದಕ್ಕೆ ಅವರಿಬ್ಬರೂ ಒಂದು ನಿಯಮ ಮಾಡಿಕೊಂಡಿದ್ದರು. ಮನಸ್ಸಿನಲ್ಲೇ ಮೂರು ಎಣಿಸಿ ಬಿಡಬೇಕು. ಲಾಲಪ್ಪ ಅಪ್ಪಿಕೊಂಡ, ಮೂರು ಎಣಿಸಿದ, ಬಿಟ್ಟ. ಬೋಗಿಯ ಬಾಗಿಲಲ್ಲಿ ಅದೇ ತುಕಡಿಯೊಂದಿಗೆ ಹೊರಟಿದ್ದ ಅಕ್ಷಯ ಚಹಾ ಕುಡಿಯುತ್ತ ನಿಂತಿದ್ದ.

"ಕೋಯಿ ಶಕ್?" ಎಂದ ಅಭಿಲಾಷ, ನಗಲು ನೋಡಿದ.

"ಭಾಳ ಅವ," ಎಂದ ಲಾಲಪ್ಪ. "ನೀ ಕಾಯ್ತಿ ಅನ್ನೋದ್ರಾಗ ಮಾತ್ರ ಇಲ್ಲ."

ಆಗ ಅಭಿಲಾಷನ ಜೇಬಿನಲ್ಲಿ ಫೋನು ರಿಂಗಣಿಸಿತು. ತೆಗೆದು ನೋಡಿದವನ ಮುಖ ಬೆಳ್ಳಗಾಯಿತು. ಆ ನಂಬರಿನಿಂದ ಯಾವ ಸುದ್ದಿ ಬರಬಹುದು ಎಂದು ಇಷ್ಟು ದಿನ ಹೆದರಿದ್ದನೋ ಅದೇ ನಂಬರು. ಸುದ್ದಿಯಾಗಬೇಕಾದವನು ಕಣ್ಣೆದುರೇ ನಿಂತಿದ್ದಾನೆ ಎಂಬುದು ಹೊಳೆಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಗದ್ದಲದಲ್ಲಿ ಕೇಳಲೆಂದು ಸ್ಪೀಕರ್ ಒತ್ತಿದ.

"ಹಲೋ, ಅಮ್ಮ."

"ಹತ್ತಿತೇನು?" ಸಾಬವ್ವನ ದನಿ. "ಗುಂಡಿ ಹತ್ತತದೋ ಇಲ್ಲೋ ಅಂತ ಒತ್ತಿ ನೋಡಿದೆ."

"ಹತ್ತಿತು ಅಮ್ಮ. ಎಂಟು ಸರಿಯಾಗೇ ಇದೆ."

"ಎಂಟಲ್ಲ." ಅವಳು ತಡೆದಳು. ಹಿಂದೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. "ಎಂಟು ಭಾಳ ಕೆಳಗ ಆಗ್ತದ. ಅಂಥಾ ಹೊತ್ತಿನಾಗ ನನಗ ಕಣ್ಣು ಕಾಣಂಗಿಲ್ಲ, ಕೈ ಹುಡುಕಂಗಿಲ್ಲ. ನಿನ್ನೆ ಸುಮಂಗಲಾ ಬಂದಿದ್ಲು, ಎಲ್ಲಾ ಹೇಳೀನಿ. ನಿನ್ನ ಮೂರಕ್ಕ ತಗೊಂಡೀನಿ. ಆಕಿ ಈಗ ನಾಕು."

ಅಭಿಲಾಷ ಫೋನನ್ನು ಪ್ಲಾಸ್ಟರಿನ ಕೈಗೆ ಬದಲಿಸಿ ಲಾಲಪ್ಪನ ಹತ್ತಿರ ಹಿಡಿದ.

"ಮತ್ತ ಆ ಮುಕಾದಮನ್ನ ತೆಗದು ಹಾಕೀನಿ," ಎಂದಳು ಸಾಬವ್ವ. "ಭಾನುವಾರ ಉಣ್ಣಾಕ ಬಾ. ಕೈ ಬಿಚ್ಚಿದ ಮ್ಯಾಲ ಬರ್ತೀನಿ ಅನಬ್ಯಾಡ, ಹಂಗೇ ಬಾ."

ರೈಲು ಕೂಗಿತು. ಜವಾನರು ಹತ್ತತೊಡಗಿದರು. ಲಾಲಪ್ಪ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟವನು ಇಳಿದ. ಅಭಿಲಾಷನನ್ನು ಎಳೆದು ಅಪ್ಪಿಕೊಂಡ. ಸಮವಸ್ತ್ರದ ಎದೆಯ ಮೇಲಿನ ಹೆಸರಿನ ಪಟ್ಟಿ ಅಭಿಲಾಷನ ಅಂಗಿಗೆ ಒತ್ತಿತು. ಈ ಸಲ ಅವನು ಎಣಿಸಲಿಲ್ಲ. ಬಾಗಿಲಲ್ಲಿ ಅಕ್ಷಯ ಚಹಾದ ಲೋಟ ಹಿಡಿದು ನೋಡುತ್ತಿದ್ದ, ಬಹಳ ಹೊತ್ತು ನೋಡಿದ. ಆಮೇಲೆ ಲಾಲಪ್ಪನ ಟ್ರಂಕನ್ನು ತಾನೇ ಎತ್ತಿ ಒಳಗಿಟ್ಟ. ಅವನು ಏನು ತಿಳಿದುಕೊಂಡ, ಅದನ್ನು ಮೇಲೆ ಹೋಗಿ ಯಾರಿಗೆ ಹೇಳುತ್ತಾನೆ, ಲಾಲಪ್ಪನಿಗೆ ಗೊತ್ತಿರಲಿಲ್ಲ. ತಿಳಿಯುವ ಶಕ್ತಿಯೂ ಆ ಹೊತ್ತಿಗೆ ಉಳಿದಿರಲಿಲ್ಲ.

ಪ್ಲಾಸ್ಟರಿನ ಕೈಯಲ್ಲಿದ್ದ ಫೋನು ಇನ್ನೂ ಮಾತಾಡುತ್ತಿತ್ತು.

"ಹಲೋ. ಹಲೋ. ಅದಾನ ಇಲ್ಲ, ಇಟ್ಟನೋ?"

"ಅದಾನವ್ವ," ಎಂದ ಲಾಲಪ್ಪ, ಅವನ ಹೆಗಲ ಮೇಲಿಂದ. "ಇಲ್ಲೇ ಅದಾನ."